ಗಾಡಿ ಬಂದ ಹೊತ್ತು

ಕಾತ್ರಜದ ಬಸ್ ನಿಲ್ದಾಣ ದಾಟಿ ಸಾತಾರಾ ದಿಕ್ಕಿಗೆ ಹೊರಟರೆ, ಘಾಟಿನ ಏರು ಶುರುವಾಗುವ ಮೊದಲು ಸರ್ವಿಸ್ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ ಇತ್ತು. ಈಗ ಅಲ್ಲಿ ನಲ್ಲಿ, ವಾಶ್‌ಬೇಸಿನ್ ಮಾರುವ ಅಂಗಡಿಯಿದೆ. ಹದಿನೆಂಟು ವರ್ಷ ಆ ಶೆಡ್ಡಿನಲ್ಲಿ ಫಕೀರಪ್ಪ ಬಡಿಗೇರ ಗುದ್ದಿಸಿಕೊಂಡು ಬಂದ ಗಾಡಿಗಳ ತಗ್ಗು ತೆಗೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಕಳಿಸುತ್ತಿದ್ದ. ಅಂಗೈ ಸವರಿದರೆ ಸಾಕು, ಕಣ್ಣಿಗೆ ಕಾಣದ ತಗ್ಗೂ ಅವನಿಗೆ ತಿಳಿಯುತ್ತಿತ್ತು. ಹುಬ್ಬಳ್ಳಿ ಕಡೆಯ ಲಾರಿಯವರು ಮುಂಬಯಿಗೆ ಹೋಗುವಾಗ ಅವನಿಗೆ ಫೋನ್ ಮಾಡಿಟ್ಟು, ಬರುವಾಗ ನಿಂತು ಕೆಲಸ ಮಾಡಿಸಿಕೊಂಡು ಹೋಗುತ್ತಿದ್ದರು.

ಅವನು ನರಗುಂದದ ಹತ್ತಿರದ ಹಳ್ಳಿಯವನು. ಇಪ್ಪತ್ತನೆಯ ವಯಸ್ಸಿಗೆ ಪುಣೆಗೆ ಬಂದ. ಒಬ್ಬಳೇ ಮಗಳು, ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ. ಹೆಂಡತಿ ಬಸವಣ್ಣೆವ್ವ ಜೋಳದ ರೊಟ್ಟಿ ಬಡಿದು ಧನಕವಡಿಯ ಕನ್ನಡದ ಮನೆಗಳಿಗೆ ಕೊಡುತ್ತಾಳೆ. ಅವುಗಳಲ್ಲಿ ನಮ್ಮ ಮನೆಯೂ ಒಂದು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮರಾಠಿ, ಇಂಗ್ಲಿಷ್ ಕಾಗದ ಬಂದರೆ ಓದಿಸಿಕೊಳ್ಳಲು ಗಂಡ ಹೆಂಡತಿ ನನ್ನ ಬಳಿ ಬರುತ್ತಿದ್ದರು. ಹಾಗಾಗಿ ಈ ಸಂಗತಿ ಬಹುಪಾಲು ನನಗೆ ಅವರ ಬಾಯಿಂದಲೇ ಗೊತ್ತು. ಕೋರ್ಟಿನಲ್ಲಿ ನಡೆದದ್ದರಲ್ಲಿ ಸ್ವಲ್ಪ ನಾನೇ ಕಂಡದ್ದು.

ಶೆಡ್ಡಿನ ಜಾಗ ಶಂಕ್ರೆಪ್ಪ ಎಂಬ ವ್ಯಾಪಾರಿಯದು. ಅವರೂ ಗದಗ ಕಡೆಯವರೇ. ಟೈಲ್ಸ್, ಸಿಮೆಂಟು ಸಾಗಿಸುವ ನಾಲ್ಕು ಪಿಕಪ್ ಇಟ್ಟುಕೊಂಡಿದ್ದರು. ಬೇರೆಯವರ ಗ್ಯಾರೇಜಿನಲ್ಲಿ ಕೂಲಿ ಮಾಡುತ್ತಿದ್ದ ಫಕೀರಪ್ಪನನ್ನು ಕರೆದು ತಮ್ಮ ಗೋದಾಮಿನ ಪಕ್ಕದಲ್ಲೇ ಕೂರಿಸಿದವರು ಅವರು. ಬಸವಣ್ಣೆವ್ವನಿಗೆ ಗರ್ಭಕೋಶದ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಐದು ದಿನ ಕೂತವರು ಶಂಕ್ರೆಪ್ಪನವರ ಹೆಂಡತಿ. ಫಕೀರಪ್ಪ ಅವರನ್ನು ಸಾವ್ಕಾರರು ಎನ್ನುತ್ತಿದ್ದ. ಅವರ ಮಾತಿಗೆ ಇಲ್ಲ ಎಂದ ಪ್ರಸಂಗ ಅವನಿಗೆ ನೆನಪಿರಲಿಲ್ಲ.

೨೦೧೮ರ ಆಗಸ್ಟಿನಲ್ಲಿ ಒಂದು ಮುಂಜಾನೆ, ಐದೂವರೆಯ ಸುಮಾರಿಗೆ, ಶಂಕ್ರೆಪ್ಪನವರ ಫೋನ್ ಬಂತು. ಮಗ ಸ್ವಪ್ನಿಲ್ ಪಿಕಪ್ ತೆಗೆದುಕೊಂಡು ಶೆಡ್ಡಿಗೆ ಬರುತ್ತಿದ್ದಾನೆ, ಎಮ್ಮೆಗೆ ಹೊಡೆದಿದ್ದಾನೆ, ಅಂಗಡಿಗಳು ತೆರೆಯುವ ಮೊದಲು ಮುಂದಿನ ಭಾಗ ಬಿಚ್ಚಿ ಬೇರೆ ಹಾಕಿಬಿಡು ಎಂದರು. ಫಕೀರಪ್ಪನ ಮನೆ ಶೆಡ್ಡಿನ ಹಿಂದೆಯೇ. ಮಳೆ ಜಿಟಿಜಿಟಿ ಹಿಡಿದಿತ್ತು. ಅವನು ಹೋಗಿ ಶಟರ್ ಎತ್ತುವಷ್ಟರಲ್ಲಿ ಗಾಡಿ ಬಂತು.

ಸ್ವಪ್ನಿಲ್‌ಗೆ ಆಗ ಇಪ್ಪತ್ನಾಲ್ಕು. ಗಾಡಿ ನಿಲ್ಲಿಸಿದವನು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದ ಕೈ ಬಿಡಿಸಿಕೊಳ್ಳಲು ಆಗುತ್ತಿಲ್ಲವೇನೋ ಎಂಬಂತೆ ಕೂತಿದ್ದ. ಎಡಗಡೆಯ ಹೆಡ್‌ಲೈಟ್ ಒಡೆದಿತ್ತು, ಬಾನೆಟ್ ಮಡಚಿಕೊಂಡಿತ್ತು. ಮುಂದಿನ ಜಾಲರಿಯಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ತುಂಡೊಂದು ಸಿಕ್ಕಿಕೊಂಡಿತ್ತು. ಅದನ್ನು ನೋಡಿದ ಮೇಲೆ ಫಕೀರಪ್ಪ ಎಮ್ಮೆಯ ಮಾತೆತ್ತಲಿಲ್ಲ.

ಸ್ವಪ್ನಿಲ್ ತಾನಾಗಿಯೇ ಹೇಳಿದ. “ಕಾಕಾ, ನಾ ಇಳದು ನೋಡೀನಿ. ಎದ್ದು ಕುಂತಿದ್ದ ಅಂವಾ. ಕೈ ಎತ್ತಿದ.”

ಫಕೀರಪ್ಪನ ಫೋನ್ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ಅವನು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಮುಂದೆ ಅವನನ್ನು ಕೇಳಿದವರು ಹಲವರು, ನಾನೂ ಕೇಳಿದ್ದೇನೆ. ಹೆದ್ದಾರಿ ಅಲ್ಲವೇ, ಕೂತಿದ್ದಾನೆ ಅಂದರೆ ಯಾರಾದರೂ ನೋಡಿಯಾರು ಅಂದುಕೊಂಡೆ ಎನ್ನುತ್ತಿದ್ದ. ಒಮ್ಮೆ ಮಾತ್ರ, ಹಾಗೆ ಅಂದುಕೊಂಡದ್ದೂ ಆಮೇಲೆಯೇ ಇರಬೇಕು, ಆ ಹೊತ್ತಿನಲ್ಲಿ ಏನೂ ಅಂದುಕೊಳ್ಳಲಿಲ್ಲ ಎಂದ. ಅವನು ಹುಡುಗನನ್ನು ಇಳಿಸಿ ಮನೆಗೆ ಕಳಿಸಿದ, ಪಾನಾ ಹಿಡಿದು ಬೋಲ್ಟ್ ಬಿಚ್ಚಲು ಕೂತ. ಬಟ್ಟೆಯ ತುಂಡನ್ನು ನೀರು ಕಾಯಿಸುವ ಒಲೆಗೆ ಹಾಕಿದ. ಜಾಲರಿ, ಒಡೆದ ಲೈಟು, ಅದರ ಡಬ್ಬಿ ಎಲ್ಲವನ್ನೂ ಒಂಬತ್ತು ಗಂಟೆಗೆ ಬಂದ ಗುಜರಿಯವನ ಗಾಡಿಗೆ ಹಾಕಿ ಕಳಿಸಿದ. ಸಂಜೆಯೊಳಗೆ ಪಿಕಪ್ಪಿನ ಮುಖ ಹೊಸದಾಗಿತ್ತು.

ಕೈ ಎತ್ತಿದ್ದ ಮನುಷ್ಯನ ಹೆಸರು ದೇವದಾಸ್. ದೌಂಡ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಟ್ರ್ಯಾಕ್‌ಮನ್. ಹೆಂಡತಿಯ ತವರು ಖೇಡ ಶಿವಾಪುರದ ಆಚೆ. ಅಲ್ಲಿಂದ ಡ್ಯೂಟಿಗೆಂದು ನಸುಕಿನಲ್ಲೇ ಬೈಕ್ ಹತ್ತಿದ್ದ. ಮೈಮೇಲೆ ರೈಲ್ವೆಯವರು ಕೊಟ್ಟ ಕಿತ್ತಳೆ ಬಣ್ಣದ ರೇನ್‌ಕೋಟಿತ್ತು. ಆರೂ ನಲವತ್ತಕ್ಕೆ ಹಾಲಿನ ವ್ಯಾನಿನವನು ಅವನನ್ನು ಕಂಡು ಎತ್ತಿಕೊಂಡು ಹೋದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪ್ರಾಣ ಹೋಗಿತ್ತು. ತೊಡೆಯ ರಕ್ತನಾಳ ಹರಿದಿತ್ತು, ಪೆಟ್ಟು ಬಿದ್ದ ಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು ಜೀವ ಇತ್ತು ಎಂದು ಮರಣೋತ್ತರ ವರದಿಯಲ್ಲಿ ಬರೆದಿದ್ದರು.

ನಾಲ್ಕನೆಯ ದಿನ ಪೊಲೀಸರು ಶೆಡ್ಡಿಗೆ ಬಂದರು. ಪೆಟ್ರೋಲ್ ಪಂಪೊಂದರ ಕ್ಯಾಮೆರಾದಲ್ಲಿ ಒಂದೇ ಲೈಟಿನ ಪಿಕಪ್ ಕಂಡಿತ್ತು, ಬಾಗಿಲ ಮೇಲೆ ಶಂಕ್ರೆಪ್ಪನವರ ಅಂಗಡಿಯ ಹೆಸರಿತ್ತು. ಗಂಟೆ ಎಷ್ಟೆಂಬುದನ್ನು ಆ ಕ್ಯಾಮೆರಾ ತಪ್ಪಾಗಿ ತೋರಿಸುತ್ತಿತ್ತು. ಫಕೀರಪ್ಪ, ಆ ಗಾಡಿ ಹಿಂದಿನ ದಿನ ಮಧ್ಯಾಹ್ನದಿಂದ ನನ್ನ ಶೆಡ್ಡಿನಲ್ಲೇ ಇತ್ತು, ರಿವರ್ಸ್ ತೆಗೆಯುವಾಗ ಗೋಡೆಗೆ ತಾಗಿದ್ದು, ತಂದವರು ಯಾರೋ ಗೊತ್ತಿಲ್ಲ, ನಾನು ಊಟಕ್ಕೆ ಹೋಗಿದ್ದೆ ಎಂದು ಹೇಳಿ ಸಹಿ ಹಾಕಿದ. ಹೇಳಬೇಕಾದದ್ದನ್ನು ಶಂಕ್ರೆಪ್ಪ ಅವನಿಗೆ ಮೊದಲೇ ಹೇಳಿಕೊಟ್ಟಿದ್ದರು.

ಸುಳ್ಳು ವಾರವೂ ನಿಲ್ಲಲಿಲ್ಲ. ಗುಜರಿಯವನ ರಾಶಿಯಲ್ಲಿ ಜಾಲರಿ ಸಿಕ್ಕಿತು, ಅದರ ಸಂದಿಯಲ್ಲಿ ಕಿತ್ತಳೆ ಎಳೆಗಳಿದ್ದವು. ರಸ್ತೆಯಲ್ಲಿ ಬಿದ್ದಿದ್ದ ಚೂರುಗಳು ಲೈಟಿನ ಡಬ್ಬಿಗೆ ಸರಿಯಾಗಿ ಕೂತವು. ಸ್ವಪ್ನಿಲ್‌ನನ್ನೂ ಫಕೀರಪ್ಪನನ್ನೂ ಹಿಡಿದರು, ಜಾಮೀನಿನ ಮೇಲೆ ಬಿಟ್ಟರು.

ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಕೇಸು ಮೂರೂವರೆ ವರ್ಷ ನಡೆಯಿತು. ದೇವದಾಸನ ಹೆಂಡತಿ ಶೀತಲ್ ಪ್ರತಿ ತಾರೀಖಿಗೂ ಬೆಳಗಿನ ರೈಲು ಹಿಡಿದು ದೌಂಡದಿಂದ ಬರುತ್ತಿದ್ದಳು. ಗಂಡನ ಬದಲಿಗೆ ಅವಳಿಗೆ ರೈಲ್ವೆಯಲ್ಲೇ ಕೆಲಸ ಕೊಟ್ಟಿದ್ದರು, ತಾರೀಖು ಬಂದ ದಿನ ರಜೆ ಹಾಕುತ್ತಿದ್ದಳು. ಕಡೆಯ ಬೆಂಚಿನಲ್ಲಿ ಕೂರುತ್ತಿದ್ದಳು.

೨೦೨೨ರ ಮಾರ್ಚಿನಲ್ಲಿ ತೀರ್ಪಾಯಿತು. ಗುದ್ದಿದ ಗಾಡಿ ಅದೇ ಎಂಬುದು ಸಾಬೀತಾಗಿದೆ, ಆದರೆ ಓಡಿಸುತ್ತಿದ್ದವನು ಸ್ವಪ್ನಿಲ್ ಎನ್ನಲು ಸಾಕ್ಷಿಯಿಲ್ಲ ಎಂದು ಅವನನ್ನು ಬಿಟ್ಟರು. ಸಾಕ್ಷ್ಯ ನಾಶ ಮಾಡಿದ, ಪೊಲೀಸರಿಗೆ ಸುಳ್ಳು ಮಾಹಿತಿ ಕೊಟ್ಟ ಎಂದು ಫಕೀರಪ್ಪ ತಪ್ಪಿತಸ್ಥನಾದ. ಬಡವ, ಮೊದಲ ಸಲದ ತಪ್ಪು, ಇನ್ನೊಬ್ಬರ ಮಾತಿಗೆ ಕಟ್ಟುಬಿದ್ದು ಮಾಡಿದ್ದು ಎಂಬುದನ್ನು ಗಮನಕ್ಕೆ ತಂದುಕೊಂಡು, ಆ ದಿನ ಕೋರ್ಟು ಏಳುವವರೆಗೆ ಸೆರೆ ಮತ್ತು ಸ್ವಲ್ಪ ದಂಡ ಎಂದು ಬರೆದರು.

ಕೋರ್ಟು ಏಳುವವರೆಗೆ ಎಂದರೆ ಸಂಜೆ ಐದೂವರೆ. ಅಷ್ಟು ಹೊತ್ತು ಅವನು ಗೋಡೆ ಬದಿಯ ಬೆಂಚಿನಲ್ಲಿ ಪೇದೆಯ ಪಕ್ಕ ಕೂತಿದ್ದ. ಬೇರೆ ಬೇರೆಯವರ ಕೇಸು ಕೂಗುತ್ತಿದ್ದರು. ಮಧ್ಯಾಹ್ನ ಪೇದೆಯೇ ಚಹಾ ತರಿಸಿಕೊಟ್ಟ. ಶೀತಲ್ ಕೂಡ ಎದ್ದು ಹೋಗಲಿಲ್ಲ. ಅವನ ಶಿಕ್ಷೆ ಮುಗಿಯುವವರೆಗೆ ಅವಳೂ ಅಲ್ಲೇ ಕೂತಿದ್ದು, ನ್ಯಾಯಾಧೀಶರು ಎದ್ದ ಮೇಲೆ ಚೀಲ ಹೆಗಲಿಗೇರಿಸಿಕೊಂಡು ಸ್ಟೇಷನ್ನಿಗೆ ನಡೆದಳು. ಆ ಸಂಜೆ ಶಂಕ್ರೆಪ್ಪ ಪೇಡೆಯ ಡಬ್ಬಿ ಹಿಡಿದುಕೊಂಡು ಫಕೀರಪ್ಪನ ಮನೆಗೆ ಬಂದರು. ಬಸವಣ್ಣೆವ್ವ ಡಬ್ಬಿಯನ್ನು ಇಸಕೊಂಡು ಮೇಲಿನ ಹಲಗೆಯ ಮೇಲಿಟ್ಟಳು. ಅದನ್ನು ಯಾರೂ ತಿನ್ನಲಿಲ್ಲ ಎಂದು ಆಕೆ ಹೇಳಿದಳು.

ಸ್ವಪ್ನಿಲ್‌ನನ್ನು ಬಿಟ್ಟದ್ದರ ಮೇಲೆ ಶೀತಲ್ ಸೆಷನ್ಸ್ ಕೋರ್ಟಿಗೆ ಹೋದಳು. ಸತ್ತವನ ಹೆಂಡತಿಯಾಗಿ ಅಷ್ಟು ಮಾಡಲು ಅವಳಿಗೆ ಹಕ್ಕಿತ್ತು. ಫಕೀರಪ್ಪನ ಶಿಕ್ಷೆ ಕಡಿಮೆಯಾಯಿತು ಎಂದು ಹೋಗಲು ಹಕ್ಕಿರಲಿಲ್ಲ. ಅದನ್ನು ಸರಕಾರವೇ ಕೇಳಬೇಕು. ಸರಕಾರಿ ವಕೀಲರ ಕಚೇರಿಗೆ ಅವಳು ಹನ್ನೊಂದು ಸಲ ಹೋದಳಂತೆ. ಕೊನೆಗೆ ಸರಕಾರ ಅಪೀಲು ಹಾಕಿತು.

ನೋಟೀಸು ಬಂದದ್ದು ೨೦೨೩ರ ಜನವರಿಯಲ್ಲಿ. ಅದನ್ನು ಓದಿ ಹೇಳಿದವನು ನಾನು. ಶಿಕ್ಷೆ ಯಾಕೆ ಹೆಚ್ಚಿಸಬಾರದು ಎಂಬುದಕ್ಕೆ ಕಾರಣ ತೋರಿಸು ಎಂದಿತ್ತು. ಮುಗಿದದ್ದು ಮತ್ತೆ ಹೇಗೆ ಶುರುವಾಗುತ್ತದೆ ಎಂದು ಫಕೀರಪ್ಪ ಕೇಳಿದ. ಕೊಟ್ಟ ಶಿಕ್ಷೆ ಸಾಲದೆಂದರೆ ಮೇಲಿನ ಕೋರ್ಟು ಹೆಚ್ಚಿಸಬಹುದು ಎಂದೆ. ಎಷ್ಟು ಎಂದ. ಎರಡು ವರ್ಷದವರೆಗೆ ಎಂದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಶಂಕ್ರೆಪ್ಪ ಇಟ್ಟಿದ್ದ ವಕೀಲರ ಹೆಸರು ಅಮರ. ವಿಜಯಪುರದವರು, ಚುರುಕಿನ ಮನುಷ್ಯ. ನೋಟೀಸು ನೋಡಿ ಅವರಿಗೆ ಚಿಂತೆಯೇನೂ ಆಗಲಿಲ್ಲ. ಶಿಕ್ಷೆ ಹೆಚ್ಚಿಸಿ ಎಂದು ಸರಕಾರ ಬಂದಾಗ ಆರೋಪಿ ತನ್ನನ್ನು ಪೂರ್ತಿ ಬಿಟ್ಟುಬಿಡಿ ಎಂದೂ ಕೇಳಬಹುದು ಎಂದು ವಿವರಿಸಿದರು. ಗುಜರಿಯವನ ಹೇಳಿಕೆಯಲ್ಲಿ ತಾರೀಖು ತಪ್ಪಿದೆ, ಪಂಚರ ಸಹಿ ಇರುವ ಹಾಳೆಯೊಂದು ಕಾಣೆಯಾಗಿದೆ ಎಂದೂ ತೋರಿಸಿದರು.

“ನೀವು ಬಾಯಿ ಬಿಡದಿದ್ರ ಸಾಕ್ರಿ,” ಎಂದರು. “ಇಬ್ರೂ ಹೊರಗ ಬರ್ತೀರಿ.”

ಏಪ್ರಿಲಿನ ಒಂದು ಮಧ್ಯಾಹ್ನ ಶೀತಲ್ ಶೆಡ್ಡಿಗೆ ಬಂದಳು. ಬಸವಣ್ಣೆವ್ವ ಊಟದ ಡಬ್ಬಿ ತಂದು ಆಗಷ್ಟೇ ಬಿಚ್ಚಿದ್ದಳು. ಶೀತಲ್ ಒಳಗೆ ಬರಲಿಲ್ಲ, ನೀರು ಕೊಟ್ಟರೆ ಬೇಡವೆಂದಳು. ನಾನು ಜಗಳಕ್ಕೆ ಬಂದವಳಲ್ಲ, ನನ್ನ ಮೇಲೆ ದೂರು ಕೊಡುವುದಾದರೆ ಕೊಡಿ, ಒಂದೇ ಒಂದು ಮಾತು ಕೇಳುವುದಿದೆ ಎಂದು ಮರಾಠಿಯಲ್ಲಿ ಹೇಳಿದಳು. ಮುಂದಿನದೂ ಮರಾಠಿಯಲ್ಲೇ ನಡೆಯಿತು.

“ಗಾಡಿ ನಿಮ್ಮಲ್ಲಿಗೆ ಎಷ್ಟು ಗಂಟೆಗೆ ಬಂತು?”

ಐದು ವರ್ಷದಲ್ಲಿ ಪೊಲೀಸರು, ವಕೀಲರು, ನ್ಯಾಯಾಧೀಶರು ಎಲ್ಲರೂ ಈ ಪ್ರಶ್ನೆ ಕೇಳಿದ್ದರು. ಹಿಂದಿನ ದಿನ ಮಧ್ಯಾಹ್ನ ಎಂಬ ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಶೀತಲ್ ಅವಸರ ಮಾಡಲಿಲ್ಲ, ಹೊಸ್ತಿಲಾಚೆ ಬಿಸಿಲಿನಲ್ಲಿ ನಿಂತೇ ಇದ್ದಳು. ಬಸವಣ್ಣೆವ್ವ ಗಂಡನ ಮುಖ ನೋಡಿದಳು.

“ಐದೂ ಮುಕ್ಕಾಲು,” ಎಂದ ಫಕೀರಪ್ಪ. “ಅವರು ಎದ್ದು ಕೂತಿದ್ದರು ಅಂತ ಸ್ವಪ್ನಿಲ್ ನನಗೆ ಹೇಳಿದ.”

ಶೀತಲ್, ಹಾಲಿನ ವ್ಯಾನಿನವನು ಬಂದದ್ದು ಆರೂ ನಲವತ್ತಕ್ಕೆ ಎಂದಳು. ಇದನ್ನು ಅವನಿಗೆಂದು ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲವೆಂದು ಬಸವಣ್ಣೆವ್ವ ಹೇಳುತ್ತಾಳೆ. ಅವಳು ತಿರುಗಿ ಬಸ್ ನಿಲ್ದಾಣದ ಕಡೆ ನಡೆದಳು.

ಫಕೀರಪ್ಪ ಆ ದಿನ ಉಣ್ಣಲಿಲ್ಲ. ಸಂಜೆ ಶಟರ್ ಎಳೆದು ಮನೆಗೆ ಬಂದವನು ಹೆಂಡತಿಗೆ, ಕೋರ್ಟಿನಲ್ಲೂ ಇದನ್ನೇ ಹೇಳಿಬಿಡುತ್ತೇನೆ ಎಂದ. ಆ ಮುಂಜಾನೆ ಹುಡುಗ ಏನಂದಿದ್ದ ಎಂಬುದು ಬಸವಣ್ಣೆವ್ವನಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಆಕೆಗೆ ಸಿಟ್ಟು ಬಂದದ್ದು ಅದಕ್ಕೆ. ಐದು ವರ್ಷ ಪಕ್ಕದಲ್ಲೇ ಕೂತು ಉಂಡ ಮನುಷ್ಯ ತನಗೂ ಹೇಳಲಿಲ್ಲವಲ್ಲ ಎಂದು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕೇಳಿದಳು: “ಹೇಳಿದ್ರ ಜೇಲಿಗೆ ಹಾಕ್ತಾರೇನ್ರಿ?”

“ಹಾಕ್ತಾರ.”

“ಹೇಳದಿದ್ರ?”

“ಬಿಡ್ತಾರಂತ.”

ಆಕೆ ಹಿಟ್ಟು ನಾದುತ್ತಿದ್ದಳು. ನಾದಿದ್ದನ್ನು ಉಂಡೆ ಮಾಡಿಟ್ಟು, “ಶೆಡ್ಡಂತೂ ಹೋಗ್ತದ. ರೊಟ್ಟಿ ಎಲ್ಲಿದ್ರೂ ಬಡೀಬಹುದು,” ಎಂದಳು.

ಶಂಕ್ರೆಪ್ಪನವರಿಗೆ ಅವನೇ ಹೋಗಿ ತಿಳಿಸಿದ. ಹಿಂದಿನಿಂದ ಮಾಡಿದ ಅನ್ನಿಸಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ. ಗೋದಾಮಿನಲ್ಲಿ ಸಿಮೆಂಟು ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದ ಶಂಕ್ರೆಪ್ಪ ಕೂಗಾಡಲಿಲ್ಲ. ತಮ್ಮ ಹೆಂಡತಿ ಆಸ್ಪತ್ರೆಯಲ್ಲಿ ಕೂತದ್ದನ್ನೂ ಎತ್ತಲಿಲ್ಲ. “ಒಬ್ಬನೇ ಮಗ ಅದಾನ ಫಕೀರಪ್ಪಾ ನನಗ,” ಎಂದಷ್ಟೇ ಅಂದರು. ಅವನು ಹೌದ್ರಿ ಸಾವ್ಕಾರ್ರ ಎಂದ. ವಾರದೊಳಗೆ ಶೆಡ್ ಖಾಲಿ ಮಾಡಲು ಆಳಿನ ಕೈಯಲ್ಲಿ ಹೇಳಿಕಳಿಸಿದರು.

ಜೂನ್ ಕೊನೆಗೆ ಶಿವಾಜಿನಗರದ ಸೆಷನ್ಸ್ ಕೋರ್ಟಿನಲ್ಲಿ ಎರಡೂ ಅಪೀಲು ಒಟ್ಟಿಗೆ ಬಂದವು. ನಾನು ಬಸವಣ್ಣೆವ್ವನ ಜೊತೆಗೆ ಹೋಗಿದ್ದೆ. ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ಫಕೀರಪ್ಪ ಎದ್ದು ನಿಂತು ಇದೆ ಎಂದ. ಅಮರ ವಕೀಲರು ತಮ್ಮ ಕಕ್ಷಿದಾರನಿಗೆ ಆರೋಗ್ಯ ಸರಿಯಿಲ್ಲವೆಂದು ಮುಂದಿನ ತಾರೀಖು ಕೇಳಿದರು. ಫಕೀರಪ್ಪ, ನನಗೆ ಆರೋಗ್ಯ ಸರಿಯಿದೆ, ಇವರು ನನ್ನ ವಕೀಲರಲ್ಲ ಎಂದ. ನ್ಯಾಯಾಧೀಶೆ ಐವತ್ತರ ಆಸುಪಾಸಿನ ಹೆಂಗಸು. ನೀನು ಹೇಳುವುದು ನಿನಗೇ ಮುಳುವಾಗಬಹುದು ಎಂದು ಎಚ್ಚರಿಸಿ, ಸರಕಾರದ ಖರ್ಚಿನಲ್ಲಿ ಬೇರೆ ವಕೀಲರನ್ನು ಕೊಟ್ಟು, ಯೋಚಿಸಲು ಹದಿನೈದು ದಿನ ಬಿಟ್ಟರು.

ಹದಿನೈದು ದಿನದ ಮೇಲೂ ಅವನು ಅದನ್ನೇ ಹೇಳಿದ. ಗಾಡಿ ಬಂದ ಹೊತ್ತು, ತಂದವನು, ಅವನು ಆಡಿದ ಮಾತು, ತಾನು ಫೋನ್ ತೆಗೆಯದೆ ಪಾನಾ ತೆಗೆದದ್ದು, ಸುಟ್ಟದ್ದು, ಸಹಿ ಹಾಕಿದ್ದು. ಹತ್ತು ನಿಮಿಷವೂ ಆಗಲಿಲ್ಲ. ಆ ಹೊತ್ತಿನಲ್ಲಿ ಸ್ವಪ್ನಿಲ್ ನೆಲ ನೋಡುತ್ತ ನಿಂತಿದ್ದ. ಶೀತಲ್ ಎಂದಿನ ಹಾಗೆ ಹಿಂದಿನ ಬೆಂಚಿನಲ್ಲಿದ್ದಳು.

ಎಲ್ಲ ಹೇಳಿದನಲ್ಲ, ಇನ್ನು ಕೇಸು ಮುಗಿಯಿತು ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಒಬ್ಬ ಆರೋಪಿ ಪ್ರಮಾಣ ಮಾಡದೆ ಹೇಳಿದ ಮಾತು ಇನ್ನೊಬ್ಬ ಆರೋಪಿಯ ಮೇಲೆ ಸಾಕ್ಷಿಯಾಗುವುದಿಲ್ಲ. ಅದರಿಂದ ಅವತ್ತಿಗೆ ಸ್ವಪ್ನಿಲ್‌ಗೆ ಏನೂ ಆಗುವಂತಿರಲಿಲ್ಲ. ಹೇಳಿದವನಿಗೆ ಮಾತ್ರ ಆಗುವಂತಿತ್ತು.

ಸರಕಾರಿ ವಕೀಲರು ಎರಡು ವರ್ಷ ಕೇಳಿದರು. ಫಕೀರಪ್ಪನ ಹೊಸ ವಕೀಲೆ, ತಾನಾಗಿ ಒಪ್ಪಿಕೊಂಡವನಿಗೆ ಶಿಕ್ಷೆ ಹೆಚ್ಚಿಸಿದರೆ ನಾಳೆ ಯಾರು ಒಪ್ಪಿಕೊಳ್ಳುತ್ತಾರೆ ಎಂದು ವಾದಿಸಿದರು. ಆ ವಾದಕ್ಕೆ ತೂಕವಿದೆ ಎಂದು ತೀರ್ಪಿನಲ್ಲೇ ಬರೆದಿದೆ. ತೀರ್ಪಿನ ನಕಲು ನನ್ನ ಹತ್ತಿರ ಇದೆ, ಅದರ ಮುಂದಿನ ಮಾತು ಹೀಗಿದೆ: ಫೋನ್ ಮಾಡದ್ದಕ್ಕೆ ಈ ಕೋರ್ಟು ಶಿಕ್ಷೆ ಕೊಡಲಾರದು, ಆ ತಪ್ಪಿಗೆ ಈ ಮೊಕದ್ದಮೆಯಲ್ಲಿ ಆರೋಪವಿಲ್ಲ. ಆದರೆ ಒಂದು ಜೀವ ಹೋದ ತಾಸಿನ ವಿಚಾರವನ್ನು ಐದು ವರ್ಷ ನ್ಯಾಯಾಲಯದಿಂದ ಮುಚ್ಚಿಟ್ಟದ್ದಕ್ಕೆ ಒಂದು ಹಗಲು ಬೆಂಚಿನ ಮೇಲೆ ಕೂರಿಸಿದ್ದು ಶಿಕ್ಷೆಯೇ ಅಲ್ಲ. ಕೆಳಗಿನ ಕೋರ್ಟು ಅವನ ಬಡತನ ನೋಡಿತು, ಅವನ ಸುಳ್ಳಿನಿಂದ ಏನಾಯಿತೆಂದು ನೋಡಲಿಲ್ಲ. ಹೀಗೆ ಹೇಳಿ, ಸಾಕ್ಷ್ಯ ನಾಶಕ್ಕೆ ಆರು ತಿಂಗಳು, ಸುಳ್ಳು ಮಾಹಿತಿಗೆ ಒಂದು ವರ್ಷ, ಎರಡನ್ನೂ ಏಕಕಾಲಕ್ಕೆ ಅನುಭವಿಸಬೇಕು ಎಂದು ಶಿಕ್ಷೆ ಹೆಚ್ಚಿಸಿದರು. ಸ್ವಪ್ನಿಲ್‌ನ ಬಿಡುಗಡೆಯನ್ನು ರದ್ದು ಮಾಡಿ ಮತ್ತೆ ವಿಚಾರಣೆಗೆ ಕಳಿಸಿದರು. ತನ್ನ ಕೇಸು ಮುಗಿದವನಾದ್ದರಿಂದ ಫಕೀರಪ್ಪನನ್ನು ಅದರಲ್ಲಿ ಪ್ರಮಾಣ ಮಾಡಿಸಿ ಸಾಕ್ಷಿಯಾಗಿ ಕರೆಯಿರಿ ಎಂದರು.

ಅವನನ್ನು ಅಲ್ಲಿಂದಲೇ ಯೇರವಡಾ ಜೈಲಿಗೆ ಒಯ್ದರು. ಬಸವಣ್ಣೆವ್ವ ಕೊಟ್ಟ ಬಟ್ಟೆಯ ಚೀಲವನ್ನು ಪೇದೆ ಬಿಚ್ಚಿ ನೋಡಿ ಒಳಗೆ ಬಿಟ್ಟ. ರೊಟ್ಟಿಯನ್ನು ವಾಪಸು ಕೊಟ್ಟ.

ಜೈಲಿನಲ್ಲಿ ಅವನಿಗೆ ಕಬ್ಬಿಣದ ಕೆಲಸ ಹಚ್ಚಿದರು, ಕಚೇರಿಗಳಿಗೆ ಹೋಗುವ ಕಪಾಟು ತಯಾರಿಸುವುದು. ನೆಟ್ಟಗಿರುವ ತಗಡು ಮುಟ್ಟುವುದು ಇದೇ ಮೊದಲು ಎಂದು ಹೆಂಡತಿಗೆ ಹೇಳಿದ್ದನಂತೆ. ಆರನೆಯ ತಿಂಗಳಲ್ಲಿ ಪೊಲೀಸ್ ವ್ಯಾನಿನಲ್ಲಿ ತಂದು ಸಾಕ್ಷಿಕಟ್ಟೆ ಹತ್ತಿಸಿದರು. ಸ್ವಪ್ನಿಲ್‌ನ ಕಡೆಗೆ ಮುಂಬಯಿಯ ದೊಡ್ಡ ವಕೀಲರಿದ್ದರು. ಹಿಂದೆ ಸಹಿ ಹಾಕಿದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ ಎಂದು ಅವರು ಮೂರು ಬಗೆಯಲ್ಲಿ ಕೇಳಿದರು. ಹಿಂದಿನದು ಸುಳ್ಳು ಎಂದು ಮೂರು ಸಲವೂ ಹೇಳಿದ. ಶೆಡ್ ಬಿಡಿಸಿದ ಸಿಟ್ಟಿಗೆ ಹೀಗೆ ಹೇಳುತ್ತಿದ್ದೀಯ ಎಂದರು. ಶೆಡ್ ಬಿಡಿಸಿದ್ದು ನಾನು ಹೇಳುತ್ತೇನೆ ಅಂದ ಮೇಲೆ ಎಂದ. ಶಂಕ್ರೆಪ್ಪನವರ ಫೋನ್ ಐದು ಗಂಟೆ ಮೂವತ್ತೆರಡು ನಿಮಿಷಕ್ಕೆ ಅವನಿಗೆ ಹೋಗಿತ್ತು ಎಂಬ ದಾಖಲೆ ಹಳೆಯ ಕಡತದಲ್ಲೇ ಬಿದ್ದಿತ್ತು, ಮೊದಲ ಸಲ ಯಾರೂ ಅದರ ಅರ್ಥ ಕೇಳಿರಲಿಲ್ಲ. ಈಗ ಕೇಳಿದರು.

ಹತ್ತು ತಿಂಗಳಿಗೆ, ಒಳ್ಳೆಯ ನಡತೆಗೆ ಸಿಗುವ ಮಾಫಿಯ ದಿನ ಕಳೆದು, ಅವನ ಬಿಡುಗಡೆಯಾಯಿತು. ಮರುವರ್ಷ ಸ್ವಪ್ನಿಲ್‌ಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಅದರ ಮೇಲೆ ಅಪೀಲು ಹೋಗಿದೆ, ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಶಂಕ್ರೆಪ್ಪನವರಿಗೆ ಪಾರ್ಶ್ವವಾಯು ಹೊಡೆದಿದೆ ಎಂದು ಕೇಳಿದೆ.

ಬಿಡುಗಡೆಯಾಗಿ ಬಂದ ಮೊದಲ ವಾರ ಫಕೀರಪ್ಪ ದೌಂಡಕ್ಕೆ ಹೋಗಿ ಶೀತಲ್‌ನ ಕಾಲು ಹಿಡಿದು ಬರುತ್ತೇನೆಂದು ಹೊರಟಿದ್ದ. ಅವನನ್ನು ತಡೆದವಳು ಬಸವಣ್ಣೆವ್ವ. ಆಗ ನಾನು ಅಲ್ಲೇ ಇದ್ದೆ.

“ಆಕಿ ಕೇಳಿದ್ದು ನೀವು ಹೇಳೀರಿ,” ಎಂದಳು. “ಈಗ ಮನಿ ಮುಂದ ಹೋಗಿ ನಿಂತ್ರ, ನಿಮಗ ಏನು ಹೇಳಬೇಕು ಅನ್ನೂದು ಆಕಿಗೆ ಮತ್ತೊಂದು ತ್ರಾಸು. ಹೋಗಬ್ಯಾಡ್ರಿ.”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಈಗ ಖರಾಡಿಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ಹೋಗುತ್ತಾನೆ. ಎರಡು ಬಸ್ ಬದಲಿಸಬೇಕು. ಅಲ್ಲಿಯ ಹುಡುಗರಿಗೆ ಅವನ ಹಿಂದಿನದೇನೂ ಗೊತ್ತಿಲ್ಲ, ಮೇಸ್ತ್ರಿಗೆ ಗೊತ್ತು. ಐ.ಟಿ.ಯವರ ಹೊಸ ಕಾರುಗಳ ಗೀರು ತೆಗೆಯುವುದೇ ಹೆಚ್ಚಿನ ಕೆಲಸ. ಸೊಂಟದ ನೋವಿಗೆ ಕೆಳಗೆ ಮಲಗಿ ಮಾಡುವ ಕೆಲಸ ಬಿಟ್ಟಿದ್ದಾನೆ. ಬಸವಣ್ಣೆವ್ವ ಮಂಗಳವಾರ, ಶುಕ್ರವಾರ ನಮ್ಮ ಮನೆಗೆ ರೊಟ್ಟಿ ತರುತ್ತಾಳೆ.